ಹುಣಸೆಹಣ್ಣು ಹಚ್ಚಿ ಬೆಳಗಿದ ಖಂಡೆ

ನಾನು ಕತ್ತಿ ಬೀಸುವುದನ್ನು ಕಲಿಯುತ್ತಿದ್ದೇನೆ ಅಂದರೆ ಜನ ಮೊದಲು ನನ್ನ ಸೊಂಟ ನೋಡುತ್ತಾರೆ, ಆಮೇಲೆ ಮುಖ. ನೋಡಲಿ. ವಯಸ್ಸು ಐವತ್ತರ ಹತ್ತಿರ, ಮಂಡಿ ಆಗಾಗ ಕಿರಿಕಿರಿ, ಹುಟ್ಟಿದ್ದು ಮೈಸೂರು, ಮನೆ ಸಿಂಗಪುರದ ಆಂಗ್ ಮೋ ಕಿಯೋ. ವಾರವೆಲ್ಲ ಯಾರೋ ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಶನಿವಾರ ಮಧ್ಯಾಹ್ನ ಮಾತ್ರ ಕಲ್ಲಾಂಗ್‌ನ ಒಂದು ಇಂಡಸ್ಟ್ರಿಯಲ್ ಬಿಲ್ಡಿಂಗಿನಲ್ಲಿ, ಫಿಶ್‌ಬಾಲ್ ಅನ್ನುವ ಮೀನಿನ ಉಂಡೆ ಪ್ಯಾಕ್ ಮಾಡುವವರಿಗೂ ಪ್ರಿಂಟಿಂಗ್ ಪ್ರೆಸ್ಸಿಗೂ ನಡುವಿನ ಯೂನಿಟ್ಟಿನಲ್ಲಿ, ಯುರೋಪಿನ ಮಧ್ಯಯುಗದ ಉದ್ದ ಕತ್ತಿ ಹಿಡಿಯುತ್ತೇನೆ. ಯೋಗ ಟ್ರೈ ಮಾಡಿದೆ, ನಿದ್ದೆ ಬಂತು. ಜುಂಬಾ ಟ್ರೈ ಮಾಡಿದೆ, ನಾಚಿಕೆ ಆಯಿತು. ಕತ್ತಿ ಹಿಡಿದಾಗ ಎರಡೂ ಆಗಲಿಲ್ಲ, ಅಷ್ಟೇ ಕಾರಣ.

ಒಮ್ಮೆ ಲಿಫ್ಟಿನಲ್ಲಿ ನಮ್ಮ ಬ್ಲಾಕಿನ ಒಬ್ಬರು ನನ್ನ ದೊಡ್ಡ ಚೀಲ ನೋಡಿ ಏನು ಆಟ ಅಂತ ಕೇಳಿದರು. ಕತ್ತಿ ಅಂದೆ. ಅವರು ಮುಂದಿನ ಮಹಡಿಯಲ್ಲೇ ಇಳಿದುಬಿಟ್ಟರು. ಚೀಲದಲ್ಲಿದ್ದದ್ದು ಬರೀ ಹೆಲ್ಮೆಟ್ಟು, ದಪ್ಪ ಜಾಕೆಟ್ಟು, ಒಂದು ಚಕ್ಕುಲಿ ಡಬ್ಬಿ. ಕತ್ತಿಗಳೆಲ್ಲ ಕ್ಲಬ್ಬಿನಲ್ಲೇ ಇರುತ್ತವೆ, ಕಾಗದಪತ್ರ ಸಮೇತ, ಬೀಗದೊಳಗೆ. ಯಾವುದಕ್ಕೂ ಹರಿತ ಇಲ್ಲ. ಅವುಗಳಲ್ಲಿ ಬೆಣ್ಣೆ ಕತ್ತರಿಸಬೇಕಾದರೂ ಬೆಣ್ಣೆ ಮೊದಲು ಕರಗಿರಬೇಕು.

ಸಿನಿಮಾ ನೋಡಿ ಬೆಳೆದ ನಾನು ಈ ಕತ್ತಿಗಳು ಹತ್ತು ಹನ್ನೆರಡು ಕೆಜಿ ಇರುತ್ತವೆ ಅಂದುಕೊಂಡಿದ್ದೆ. ಆ ಕಾಲದ ಎರಡು ಕೈ ಕತ್ತಿ ಒಂದೂವರೆ ಕೆಜಿ ಆಸುಪಾಸು ಅಂತ ಗೊತ್ತಾದ ದಿನ ಬಾಯಿ ಬಿಟ್ಟುಕೊಂಡು ನಿಂತೆ. ನಮ್ಮನೆ ದೋಸೆ ಕಾವಲಿ ಅದಕ್ಕಿಂತ ಭಾರ. ಪುಸ್ತಕಗಳ ಪ್ರಕಾರ ಅಲಗು ಹಿಡಿಯ ಹತ್ತಿರ ದಪ್ಪಗಿದ್ದು ಮೊನೆಯ ಕಡೆ ಹೋಗುತ್ತಾ ತೆಳುವಾಗುತ್ತದೆ. ಹಾಗಾಗಿ ತೂಕವೆಲ್ಲ ಕೈಯ ಹತ್ತಿರವೇ ಉಳಿದು, ಮೊನೆ ಹೇಳಿದ ಹಾಗೆ ಕೇಳುತ್ತದೆ.

ಆದರೆ ನಮ್ಮ ಕ್ಲಬ್ಬಿನ ಕತ್ತಿಗಳು ಹಾಗಿರಲಿಲ್ಲ. ಮೊನೆ ಭಾರ. ಬೀಸಿದರೆ ನಿಲ್ಲುತ್ತಿರಲಿಲ್ಲ, ನಮ್ಮನ್ನೇ ಎಳೆದುಕೊಂಡು ಹೋಗುತ್ತಿದ್ದವು. ಎಲ್ಲರ ಮೊಣಕೈಗೂ ನೋವಿನ ಪಟ್ಟಿ. ಹೊಸಬರು ಬಂದರೆ ಅದೇ ನಮ್ಮ ಯೂನಿಫಾರ್ಮ್ ಅಂದುಕೊಳ್ಳುತ್ತಿದ್ದರು.

ಇದಕ್ಕೆ ಕೋಚ್ ಹತ್ತಿರ ಉತ್ತರ ಇತ್ತು. ಕೋಚ್ ಇಲ್ಲಿಯವರೇ, ಅರವತ್ತರ ಹತ್ತಿರದ ಚೀನೀ ಅಂಕಲ್. ಸಣ್ಣ ದೇಹ, ದೊಡ್ಡ ಧ್ವನಿ. ಅವರ ಇಂಗ್ಲಿಷನ್ನು ಕನ್ನಡದಲ್ಲೇ ಹೇಳುತ್ತೇನೆ, ಇಲ್ಲಿಯವರು ಮಾತಿನ ಬಾಲಕ್ಕೆ ಅಂಟಿಸುವ 'ಲಾ' ಮಾತ್ರ ಹಾಗೇ ಇಡುತ್ತೇನೆ.

"ಪುಸ್ತಕ ಬರೆದವರ ಹತ್ತಿರ ಪುಸ್ತಕ ಇದೆ. ನನ್ನ ಹತ್ತಿರ ಒರಿಜಿನಲ್ ಇದೆ ಲಾ."

ಇತ್ತು. ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಬಟ್ಟೆಯ ಮೇಲೆ, ಕಂದು ಬಣ್ಣಕ್ಕೆ ತಿರುಗಿ, ಮೈತುಂಬ ಗುಳಿ ಬಿದ್ದ ಒಂದು ಕತ್ತಿ. ಆರುನೂರು ವರ್ಷದ್ದು. ಅವರಪ್ಪನ ಹಾರ್ಡ್‌ವೇರ್ ಅಂಗಡಿ ಮುಚ್ಚಿದಾಗ ಕೈಗೆ ಬಂದ ಪಾಲನ್ನೆಲ್ಲ ಸುರಿದು ಪರದೇಶದ ಹಳೇ ಸಾಮಾನಿನ ವ್ಯಾಪಾರಿಯಿಂದ ತಂದದ್ದು. ಅದೇ ಕಾರಣಕ್ಕೆ ಅವರ ಅಕ್ಕ ಚೀನೀ ಹೊಸವರ್ಷದ ಊಟಕ್ಕೂ ಕರೆಯುವುದನ್ನು ನಿಲ್ಲಿಸಿದ್ದರಂತೆ. ವರ್ಷಕ್ಕೊಮ್ಮೆ ಬಿಳಿ ಕೈಗವಸು ಹಾಕಿಕೊಂಡು ಅದನ್ನು ಹೊರಗೆ ತೆಗೆಯುತ್ತಿದ್ದರು. ನಾವು ನೋಡಬಹುದು, ಉಸಿರು ತಾಗಿಸುವ ಹಾಗಿಲ್ಲ. ನಾವು ಬೀಸುತ್ತಿದ್ದ ಕತ್ತಿಗಳೆಲ್ಲ ಅದರ ನಕಲುಗಳು. ಅದರ ಅಳತೆ, ದಪ್ಪ, ತೂಕ ಎಲ್ಲ ತೆಗೆದು ಯುರೋಪಿನ ಒಬ್ಬ ಕಮ್ಮಾರನಿಗೆ ಕಳಿಸಿ ಮಾಡಿಸಿದ್ದು. ಆ ಕಮ್ಮಾರ, "ಮೊನೆ ಇಷ್ಟು ಭಾರ ಇರಬಾರದು, ಸ್ವಲ್ಪ ತೆಳು ಮಾಡಲಾ?" ಅಂತ ಕೇಳಿದ್ದನಂತೆ. ಕೋಚ್ ತಾವು ಕೊಟ್ಟ ಉತ್ತರವನ್ನು ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು: "ನಿನ್ನ ಅಭಿಪ್ರಾಯ ಬೇಡ, ಒರಿಜಿನಲ್ ಹೇಗಿದೆಯೋ ಹಾಗೆ ಮಾಡು." ಮೊಣಕೈ ನೋವು ಅಂತ ಯಾರಾದರೂ ಗೊಣಗಿದರೆ, "ಆ ಕಾಲದವರದ್ದು ಕತ್ತಿ ಹಿಡಿಯೋ ಕೈ, ನಿಮ್ಮದು ಕೀಬೋರ್ಡ್ ಕೈ ಲಾ" ಅನ್ನುತ್ತಿದ್ದರು. ನಾವು ತಲೆಯಾಡಿಸಿ ಇನ್ನೊಂದು ಪಟ್ಟಿ ಸುತ್ತಿಕೊಳ್ಳುತ್ತಿದ್ದೆವು. ನಿಜ ಹೇಳಬೇಕೆಂದರೆ ಒಳಗೊಳಗೇ ನಮಗೆ ಜಂಬ. ಸಿಂಗಪುರದಲ್ಲಿ ಉಳಿದವರೆಲ್ಲ ಪುಸ್ತಕ ನೋಡಿ ಕಲಿತವರು, ನಾವು ಒರಿಜಿನಲ್ ನೋಡಿ ಕಲಿತವರು.

ಈ ನಡುವೆ ಗದಗದಿಂದ ನಮ್ಮ ಅತ್ತೆ, ಗಂಡನ ತಾಯಿ, ಬಂದರು.

ಮೈಸೂರಿನ ನನಗೆ ಆಯುಧಪೂಜೆ ಅಂದರೆ ಸ್ಕೂಟರಿಗೆ ಬೂದುಗುಂಬಳ, ಕಡಲೆಪುರಿ, ಮುಗಿಯಿತು. ಅವರ ಕಡೆ ಅದಕ್ಕೆ ಖಂಡೇ ಪೂಜೆ ಅನ್ನುತ್ತಾರೆ. ಖಂಡೆ ಅಂದರೆ ಕತ್ತಿ. ನಾನು ಶನಿವಾರ ಏನು ಮಾಡಲು ಹೋಗುತ್ತೇನೆ ಅಂತ ಗೊತ್ತಾದಾಗ ಅತ್ತೆ ಬೈಯುತ್ತಾರೆ ಅಂತ ಕಾದೆ. ಅವರು ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗಿಟ್ಟರು.

"ಖರೇ ಖಂಡೇನ? ಕಬ್ಬಿಣದ್ದು?"

"ಹೂಂ ಅತ್ತೆ. ಸ್ಟೀಲು."

"ನೋಡವಾ, ಹೆಸರು ಖಂಡೇ ಪೂಜಿ. ಮದುವ್ಯಾಗಿ ಬಂದಾಗಿಂದ ನಾ ಪೂಜಿ ಮಾಡಿದ್ದು ಈಳಿಗಿ, ಕತ್ತರಿ, ಹೊಲಿಗಿ ಮಷಿನ್ನು. ಖಂಡೆ ಕೈಯಾಗ ಹಿಡದೇ ಇಲ್ಲ. ಸಣ್ಣಾಕಿದ್ದಾಗ ವೀರಭದ್ರದೇವರ ಗುಡಿಯಾಗ ಒಡಪ ಹೇಳಿ ಕುಣಿಯೂ ಪುರವಂತರ ಖಡ್ಗ ನಮ್ಮಪ್ಪ ಬೆಳಗತಿದ್ದ. ನಾವು ಹೆಣ್ಣ ಹುಡಗ್ಯಾರು ದೂರ ನಿಂತ ನೋಡಬೇಕು, ಮುಟ್ಟಂಗಿಲ್ಲ."

ಇದನ್ನು ಕೋಚ್‌ಗೆ ಹೇಳಿದ್ದೇ ತಡ, ಅವರು ಕುಣಿದಾಡಿಬಿಟ್ಟರು. ಆ ವರ್ಷ ಮಹಾನವಮಿ ನಮ್ಮ ಕ್ಲಾಸಿನ ದಿನವೇ ಬಿದ್ದಿತ್ತು.

"ಆಂಟೀನ ಕರ್ಕೊಂಡು ಬಾ. ಎಲ್ಲಾ ಕತ್ತಿಗೂ ಪ್ರಾರ್ಥನೆ ಮಾಡ್ಲಿ. ಆ ಹಳೇದಕ್ಕೂ. ಆರುನೂರು ವರ್ಷದಿಂದ ಅದಕ್ಕೆ ಯಾರೂ ಮಾಡಿಲ್ಲ ಪಾಪ ಲಾ."

ಆ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕಾರ್ಗೋ ಲಿಫ್ಟಿನಲ್ಲಿ ಫಿಶ್‌ಬಾಲ್ ಟ್ರಾಲಿಯ ಪಕ್ಕ ಮೂಗು ಮುಚ್ಚಿಕೊಂಡು ನಿಂತು ಮೇಲೆ ಬಂದರು. ಕ್ಲಾಸಿಗೆ ಇನ್ನೂ ಹೊತ್ತಿತ್ತು. ಕೋಚ್ ಉದ್ದನೆಯ ಮೇಜು ಹಾಕಿ ಕತ್ತಿಗಳನ್ನೆಲ್ಲ ಸಾಲಾಗಿ ಮಲಗಿಸಿದ್ದರು. ಕೊನೆಗೆ ಕೈಗವಸು ಹಾಕಿಕೊಂಡು ಗಾಜಿನ ಪೆಟ್ಟಿಗೆ ತೆರೆದು ಆ ಹಳೆಯದನ್ನು ತಂದು, ಸಾಲಿನ ತುದಿಯಲ್ಲಿ ಕೆಂಪು ಬಟ್ಟೆ ಸಮೇತ ಇಟ್ಟರು.

"ಆಂಟಿ, ನಿಮ್ಮ ಪದ್ಧತಿ ಹೇಗಿದೆಯೋ ಹಾಗೇ ಮಾಡಿ. ಏನೂ ಬಿಡಬೇಡಿ."

ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ತಲೆಯಾಡಿಸಿದರು. ಅಷ್ಟರಲ್ಲಿ ನೋಡಿದರೆ ಹೂವಿನ ಕವರ್ ಮನೆಯಲ್ಲೇ ಬಿಟ್ಟು ಬಂದಿದ್ದೆವು. ಗಂಡನಿಗೆ ಫೋನ್ ಮಾಡಿ ತರಿಸೋಣ ಅಂದರೆ ಅವನು ಕೆಲಸದ ಮೇಲೆ ಜಕಾರ್ತಾದಲ್ಲಿ. ನಾನೇ ಲಿಟ್ಲ್ ಇಂಡಿಯಾಕ್ಕೆ ಓಡಿದೆ. ಕೋಚ್ ಕೆಳಗಿನ ಕಾಫಿ ಶಾಪಿಗೆ ಊಟಕ್ಕೆ ಹೋದರು. ಅತ್ತೆ ಒಬ್ಬರೇ ಉಳಿದರು.

ಹಬ್ಬದ ದಿನ ಹೂವಿನಂಗಡಿ ಮುಂದೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಚೆಂಡುಹೂವು, ಮಲ್ಲಿಗೆ, ಒಂದು ಬೂದುಗುಂಬಳ ಹೊತ್ತು ಬೆವರಿಳಿಸಿಕೊಂಡು ವಾಪಸ್ ಬಂದೆ. ಬಾಗಿಲು ತಳ್ಳಿದರೆ ನೀರಿನ ಸದ್ದು. ನೆಲ ಒರೆಸುವ ಬಕೆಟ್ ತುಂಬಿಸುವ ದೊಡ್ಡ ಸಿಂಕಿನ ಮುಂದೆ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತು, ಬಾಯಲ್ಲಿ ಏನೋ ಒಡಪು ಹೇಳಿಕೊಳ್ಳುತ್ತಾ, ಒಂದು ಕತ್ತಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸ್ಟೀಲ್ ಜುಂಗಿನಲ್ಲಿ ಗಸಗಸ ಉಜ್ಜುತ್ತಿದ್ದರು. ಪಕ್ಕದಲ್ಲಿ ಕೋಚ್‌ನ ಚಹಾ ಮಗ್ಗು. ಅದರ ತುಂಬ, ಅತ್ತೆ ಪೂಜೆಯ ಚೀಲದಲ್ಲಿ ತಂದಿದ್ದ ಹುಣಸೆಹಣ್ಣು, ಕಿವುಚಿದ್ದು.

ಕೆಂಪು ಬಟ್ಟೆಯ ಮೇಲೆ ಏನೂ ಇರಲಿಲ್ಲ.

ಬೂದುಗುಂಬಳ ನನ್ನ ಕೈಯಿಂದ ಬಿತ್ತು. ಪೂಜೆಗೆ ಮೊದಲೇ ಒಡೆಯಿತು.

"ಅತ್ತೆ! ಏನ್ ಮಾಡ್ತಿದೀರಾ?!"

"ಚೀರಬ್ಯಾಡ, ಬಿದ್ದಗಿದ್ದೇನು. ಬೆಳಗದ ಪೂಜಿ ಹೆಂಗ ಮಾಡೂದು? ಉಳದವೆಲ್ಲಾ ಫಳಫಳ ಅಂತಿದ್ವು. ಇದೊಂದ ಪಾಪ, ಜಂಗ ಹಿಡದ ಬಿದ್ದಿತ್ತು, ಹೇಳಾವ್ರ ಕೇಳಾವ್ರ ಇಲ್ಲದಂಗ. ನಿಮ್ಮ ಮಾಸ್ತರಿಗೆ ಹೆಂಡತಿ ಇಲ್ಲೇನ?"

ಹಳೆಯ ಕಬ್ಬಿಣದ ಮೇಲಿನ ಆ ಕಂದು ಪೊರೆ ಇದೆಯಲ್ಲ, ಅದೇ ಅದರ ವಯಸ್ಸು. ಮ್ಯೂಸಿಯಮ್ಮಿನವರು ಅದನ್ನು ಹತ್ತಿಯಿಂದ ಒರೆಸಲೂ ಹಿಂದೆಮುಂದೆ ನೋಡುತ್ತಾರೆ. ಇಲ್ಲಿ ನಮ್ಮತ್ತೆ ಹುಣಸೆಹಣ್ಣು, ಉಪ್ಪು ಹಚ್ಚಿ, ನೆನೆಸಿಟ್ಟು, ಆರುನೂರು ವರ್ಷವನ್ನು ಸಿಂಕಿನ ತೂತಿಗೆ ಹರಿಸಿಬಿಟ್ಟಿದ್ದರು. ಅಲಗಿನ ಒಂದು ಬದಿ ಪೂರ್ತಿ ಬೆಳ್ಳಗಾಗಿತ್ತು. ಓಡಿಹೋಗಿ ನಲ್ಲಿ ನಿಲ್ಲಿಸಿದೆ. ಪೊಲೀಸು, ವಕೀಲ, ಇಲ್ಲಿ ಕಾಯಂ ಇರಲು ಕೊಟ್ಟ ಪಿಆರ್ ರದ್ದು, ವಿಮಾನ, ಗದಗ, ಎಲ್ಲಾ ತಲೆಯೊಳಗೆ ಸುತ್ತಿದವು.

ಬಾಗಿಲು ತೆರೆಯಿತು. ಕೋಚ್. ಕೈಯಲ್ಲಿ ಪ್ಲಾಸ್ಟಿಕ್ ಕವರಿನ ಐಸ್ ಟೀ, ಸ್ಟ್ರಾ ಬಾಯಲ್ಲೇ ಇತ್ತು.

ಸ್ಟ್ರಾ ಬಾಯಿಂದ ಜಾರಿತು. ನಡೆದು ಬಂದು ಅತ್ತೆಯ ಮುಂದೆ ಎರಡೂ ಕೈ ಚಾಚಿದರು, ಯಾರೋ ಎತ್ತಿಕೊಂಡಿದ್ದ ಮಗುವನ್ನು ವಾಪಸ್ ಕೇಳುವ ಹಾಗೆ. ಅತ್ತೆ ನಗುತ್ತಾ ಕೊಟ್ಟರು. ಕೈಗವಸಿನ ನೆನಪು ಕೋಚ್‌ಗೆ ಇರಲಿಲ್ಲ. ಹುಣಸೆ ನೀರು ಅವರ ಬಿಳಿ ಶರ್ಟಿನ ಮೇಲೆ ಇಳಿಯಿತು.

"ಸಾರಿ, ಕೋಚ್, ಸಾರಿ, ನಮ್ಮಲ್ಲಿ ಮೊದಲು ತೊಳೆದು ಆಮೇಲೆ..." ನನ್ನ ಬಾಯಿಂದ ಅಷ್ಟೇ ಬಂತು.

ಅವರು ಕತ್ತಿಯನ್ನು ಕಿಟಕಿಯ ಬೆಳಕಿಗೆ ಒಯ್ದರು. ಓರೆ ಮಾಡಿದರು. ಇನ್ನೊಂದು ಕಡೆ ಓರೆ ಮಾಡಿದರು. ಮೊಬೈಲ್ ಟಾರ್ಚ್ ಹಾಕಿದರು.

"ಇಲ್ಲಿ ಬಾ," ಅಂದರು ನನಗೆ.

ಹೋದೆ. ಅಲಗಿನುದ್ದಕ್ಕೂ ಅಡ್ಡಡ್ಡ ಗೆರೆಗಳು. ಕೂದಲಿಗಿಂತ ತೆಳ್ಳಗೆ, ಒಂದಕ್ಕೊಂದು ಸಮಾನಾಂತರ, ಸ್ಕೇಲ್ ಇಟ್ಟು ಎಳೆದ ಹಾಗೆ.

"ಇದು ಏನು ಗೊತ್ತಾ?"

ಅವರೇ ಗೆರೆಗಳ ಮೇಲೆ ಉಗುರು ಎಳೆದರು.

"ಬೆಲ್ಟ್ ಗ್ರೈಂಡರ್. ಕರೆಂಟಿನ ಮಷಿನ್. ನಮ್ಮಪ್ಪ ಅಂಗಡಿಯಲ್ಲಿ ಮಾರ್ತಿದ್ದರು." ಬೆರಳಿನಿಂದ ಗುಳಿಗಳನ್ನು ಮುಟ್ಟಿದರು. "ಆರುನೂರು ವರ್ಷದ ತುಕ್ಕು ಆಳಕ್ಕೆ ತಿನ್ನುತ್ತೆ. ತೊಳೆದರೂ ಹೋಗಲ್ಲ. ಹಳೇ ಕಬ್ಬಿಣದಲ್ಲಿ ಮರದ ಎಳೆ ಥರ ಕಾಣುತ್ತೆ. ಇದರಲ್ಲಿ ಎಳೆನೇ ಇಲ್ಲ. ಗುಳಿ ಬೀಳಲಿ ಅಂತ ಆ್ಯಸಿಡ್ ಚಿಮುಕಿಸಿದ್ದಾರೆ. ಮೇಲೆ ಬಣ್ಣ."

ನಾನು ಬೆಚ್ಚಿಬಿದ್ದದ್ದು ಆಗ. ಅದಕ್ಕೆ ಮೊದಲು ಆದದ್ದು ಬರೀ ಹೆದರಿಕೆ.

"ಏನಂತಾರ ಮಾಸ್ತರು?" ಅತ್ತೆ ಕೇಳಿದರು. "ಕಣ್ಣಾಗ ನೀರ ಬಂದಾವ. ಭಾಳ ಖುಷಿ ಆಗೇತೇನ?"

"ಹೂಂ ಅತ್ತೆ. ಸ್ವಲ್ಪ ಸುಮ್ನಿರಿ."

"ಇನ್ನೊಂದ ಬಾಜು ಉಳದೈತಿ ಅಂತ ಹೇಳ."

ಕೋಚ್ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದರು. ಅದನ್ನು ಯಾರೂ ಬೀಸಿದ್ದು ನಾನು ನೋಡಿರಲಿಲ್ಲ. ಒಮ್ಮೆ ಬೀಸಿದರು. ಮೊನೆ ಅವರನ್ನು ಎಳೆಯಿತು, ಒಂದು ಹೆಜ್ಜೆ ಮುಂದಕ್ಕೆ ತಪ್ಪಿ ಹೋದರು. ಮತ್ತೆ ಬೀಸಿದರು, ಮತ್ತೆ ಎಳೆಯಿತು. ಮೂವತ್ತು ವರ್ಷದಿಂದ ಕತ್ತಿ ಹಿಡಿದ ಮನುಷ್ಯ.

"ತಂದ ದಿನವೇ ಬೀಸಿ ನೋಡಿದ್ದೆ," ಅಂದರು. "ಮನೆಯಲ್ಲಿ, ಒಬ್ಬನೇ. ಸರಿ ಇಲ್ಲ ಅಂತ ಕೈಗೆ ಗೊತ್ತಾಯ್ತು. ಕತ್ತಿ ಸರಿ ಇದೆ, ನನ್ನ ಕೈ ಸರಿ ಇಲ್ಲ ಅಂದುಕೊಂಡೆ ಲಾ. ಒರಿಜಿನಲ್ ತಪ್ಪಾಗಿರುತ್ತಾ?"

ನನ್ನ ಬಲಗೈ ತಾನಾಗಿಯೇ ಮೊಣಕೈ ಪಟ್ಟಿಯ ಮೇಲೆ ಹೋಯಿತು. ಮೇಜಿನ ಮೇಲಿನ ಸಾಲು ನೋಡಿದೆ. ಅಷ್ಟೂ ಕತ್ತಿಗಳು ಇದರ ನಕಲು. ಯಾವನೋ ಒಬ್ಬ ಗ್ಯಾರೇಜಿನಲ್ಲಿ ಕುಳಿತು, ಗೋಡೆಗೆ ನೇತುಹಾಕಲು ಅಂತ, ಕೈಗೆ ಹೇಗಿರಬೇಕು ಅನ್ನುವುದೇ ಗೊತ್ತಿಲ್ಲದೆ ಒಂದು ದಪ್ಪ ಕಬ್ಬಿಣದ ಪಟ್ಟಿ ಉಜ್ಜಿದ್ದ. ನಾವು ಅದರ ಮಿಲಿಮೀಟರ್ ಮಿಲಿಮೀಟರ್ ಅಳತೆ ತೆಗೆದು, ಒಳ್ಳೆಯ ಕಮ್ಮಾರನೊಬ್ಬ ಬೇಡ ಬೇಡ ಅಂದರೂ ಕೇಳದೆ ಅದನ್ನೇ ಮಾಡಿಸಿ, ಅದಕ್ಕೆ ತಕ್ಕ ಹಾಗೆ ನಮ್ಮ ಭುಜ, ಮೊಣಕೈ, ಹೆಜ್ಜೆ ಎಲ್ಲ ಬದಲಾಯಿಸಿಕೊಂಡು, ಸರಿಯಾಗಿ ಹಿಡಿಯುವವರನ್ನು ನೋಡಿ ನಗುತ್ತಿದ್ದೆವು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಹೊರಗೆ ಕಾರ್ಗೋ ಲಿಫ್ಟಿನ ಬಾಗಿಲ ಸದ್ದು. ನಮ್ಮವರ ದನಿಗಳು. ಕ್ಲಾಸಿನ ಹೊತ್ತಾಗಿತ್ತು.

ಈಗ ನನಗೆ ಬೇರೆಯೇ ಭಯ. ಕೋಚ್‌ಗೆ ದಾರಿ ಎಷ್ಟು ಸುಲಭವಾಗಿತ್ತು ನೋಡಿ. 'ಆಂಟಿ ಹುಣಸೆಹಣ್ಣು ಹಚ್ಚಿ ಹಾಳು ಮಾಡಿದರು' ಅಂದರೆ ಮುಗಿಯಿತು. ಯಾರೂ ಟಾರ್ಚ್ ಹಾಕಿ ಗೆರೆ ನೋಡುತ್ತಿರಲಿಲ್ಲ. ಒರಿಜಿನಲ್ ಒರಿಜಿನಲ್ಲಾಗಿಯೇ ಉಳಿದು, ಬರೀ ಹಾಳಾದ ಒರಿಜಿನಲ್ ಆಗುತ್ತಿತ್ತು. ಅವರ ಮಾನ ಉಳಿಯುತ್ತಿತ್ತು. ಎಪ್ಪತ್ತು ದಾಟಿದ ನಮ್ಮತ್ತೆ, ಹಣೆ ತುಂಬ ವಿಭೂತಿ ಇಟ್ಟುಕೊಂಡು, ಬಾಗಿಲು ನೋಡುತ್ತಾ ನಗುತ್ತಿದ್ದವರು, ಅಷ್ಟೂ ಜನರ ಮುಂದೆ ಆರುನೂರು ವರ್ಷ ಕೊಂದವರಾಗುತ್ತಿದ್ದರು. ನಾನು ಹೋಗಿ ಅವರ ಪಕ್ಕ ನಿಂತೆ. ಕೋಚ್ ನನ್ನನ್ನು ನೋಡಿದರು. ನಾನು ಏನು ಯೋಚಿಸುತ್ತಿದ್ದೇನೆ ಅಂತ ಅವರಿಗೆ ಗೊತ್ತಾಯಿತು ಅಂತ ಕಾಣುತ್ತದೆ, ಯಾಕೆಂದರೆ ಕಣ್ಣು ತಪ್ಪಿಸಿದರು.

ಎಲ್ಲರೂ ಒಳಗೆ ಬಂದರು. ಒಡೆದ ಬೂದುಗುಂಬಳ, ಹುಣಸೆ ನೀರು, ಖಾಲಿ ಕೆಂಪು ಬಟ್ಟೆ ನೋಡಿ ನಿಂತಲ್ಲೇ ನಿಂತರು.

"ಮೈ ಗಾಡ್, ಒರಿಜಿನಲ್ಲಿಗೆ ಏನಾಯ್ತು? ಯಾರು ಮಾಡಿದ್ದು?" ಅಂದಳು ಒಬ್ಬಳು, ಬುಕಿತ್ ಪಂಜಾಂಗ್ ಕಡೆಯ ಶಾಲಾ ಟೀಚರ್. ಕ್ಲಬ್ಬಿಗೆ ಸೇರಿದ ಮೊದಲಿಗಳು. ಹಿಂದಿನ ವರ್ಷ ಮೊಣಕೈ ಆಪರೇಶನ್ ಮಾಡಿಸಿಕೊಂಡು, ಮತ್ತೆ ಬಂದು, ಎಡಗೈಯಲ್ಲಿ ಕಲಿಯುತ್ತಿದ್ದಳು.

ಕೋಚ್ ಅತ್ತೆಯ ಕಡೆ ತಿರುಗಿದರು. ನಾನು ಅತ್ತೆಯ ಕೈ ಹಿಡಿದೆ.

"ಯಾರೂ ಏನೂ ಮಾಡಿಲ್ಲ," ಅಂದರು ಕೋಚ್. "ಆಂಟಿ ತೊಳೆದರು. ತೊಳೆದರೆ ಗೊತ್ತಾಯ್ತು. ಡೂಪ್ಲಿಕೇಟು. ನಾನು ಮೋಸ ಹೋದೆ. ನಿಮ್ಮ ಕತ್ತಿಗಳೆಲ್ಲ ಡೂಪ್ಲಿಕೇಟಿನ ಡೂಪ್ಲಿಕೇಟು. ನಿಮ್ಮ ಕೈ ತಪ್ಪಿರಲಿಲ್ಲ."

ಯಾರೋ ಹಿಂದಿನಿಂದ ನಕ್ಕರು, ಜೋಕ್ ಅಂದುಕೊಂಡು. ಆಮೇಲೆ ಆ ನಗುವೂ ನಿಂತಿತು. ಟೀಚರ್ ನಗಲಿಲ್ಲ. ಮುಂದೆ ಬಂದು ಕೋಚ್ ಕೈಯಿಂದ ಕತ್ತಿ ತೆಗೆದುಕೊಂಡು, ಎಡಗೈಯಲ್ಲಿ ತೂಗಿ ನೋಡಿದಳು. ಮೇಜಿನ ಮೇಲಿಟ್ಟಳು. ಎಡಗೈಯಿಂದಲೇ ಬಲಗೈಯ ಅಂಗಿತೋಳು ಮಡಚಿ, ಆಪರೇಶನ್ನಿನ ಕಲೆಯನ್ನು ಅವರ ಮುಖದ ಹತ್ತಿರ ಹಿಡಿದಳು. ಚೀಲ ಎತ್ತಿಕೊಂಡು ಹೊರಟಳು.

ಕೋಚ್ ಅವಳ ಹಿಂದೆಯೇ ಕಾರಿಡಾರಿಗೆ ಹೋದರು. ಅವರ ದೊಡ್ಡ ಧ್ವನಿ ಅಲ್ಲಿ ಎಷ್ಟು ಸಣ್ಣಗೆ ಕೇಳಿಸಿತು! ಏನು ಹೇಳಿದರೋ ತಿಳಿಯಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿದ್ದು ಕೇಳಿಸಿತು. ವಾಪಸ್ ಬಂದರು, ಒಬ್ಬರೇ.

"ಆರತಿ ಮಾಡ್ಲೋ ಬ್ಯಾಡೋ?" ಅಂದರು ಅತ್ತೆ, ಮೆಲ್ಲಗೆ. ಆ ಹೊತ್ತಿಗೆ ಅವರಿಗೂ ಏನೋ ಆಗಿದೆ ಅಂತ ತಿಳಿದಿತ್ತು. "ನನ್ನಿಂದ ಏನರ ತಪ್ಪ ಆತೇನವಾ?"

ಅದನ್ನು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಕೋಚ್ ಒದ್ದೆ ಶರ್ಟಿನಲ್ಲೇ ಬಂದು ಮೇಜಿನ ಮುಂದೆ ನಿಂತು ಕೈ ಮುಗಿದರು.

"ಮಾಡಿ ಆಂಟಿ. ತಪ್ಪೇನೂ ಇಲ್ಲ. ಆ ಇನ್ನೊಂದು ಬದಿ ಮಾತ್ರ ಹಾಗೇ ಬಿಡಿ. ಮೋಸ ಹೇಗಾಯ್ತು ಅಂತ ಅಕ್ಕನಿಗೆ ತೋರಿಸಬೇಕು."

ಅತ್ತೆ ಪೂಜೆ ಮಾಡಿದರು. ಪ್ರತಿ ಕತ್ತಿಗೂ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು. ಯಾರೂ ಫೋಟೋ ತೆಗೆಯಲಿಲ್ಲ.

ಮುಂದಿನ ಶನಿವಾರ ಕ್ಲಾಸ್ ಇರುತ್ತದೋ ಇಲ್ಲವೋ ಅಂದುಕೊಂಡೇ ಹೋದೆ. ಬಂದವರು ಅರ್ಧ ಜನ. ಗಾಜಿನ ಪೆಟ್ಟಿಗೆ ಖಾಲಿ. ಕೋಚ್ ಮೂಲೆಯಲ್ಲಿ ಕುಳಿತು ಕಿವಿಗೆ ಹತ್ತಿ ತುರುಕಿಕೊಂಡು ಕ್ಲಬ್ಬಿನ ಕತ್ತಿಗಳ ಮೊನೆಯನ್ನು ಮಷಿನ್ನಿಗೆ ಹಿಡಿದು ತೆಳು ಮಾಡುತ್ತಿದ್ದರು. ಒಂದಿಷ್ಟು ಉಜ್ಜುವುದು, ಬಿಸಿಯಾಗುವ ಮೊದಲೇ ಬಕೆಟ್ ನೀರಿಗೆ ಅದ್ದುವುದು, ಮತ್ತೆ ಉಜ್ಜುವುದು. ಅದೇ ಬೆಲ್ಟ್ ಗ್ರೈಂಡರ್.

"ಮೊದಲು ಟೀಚರದ್ದು ಮಾಡಿದೆ," ಅಂದರು, ಗೋಡೆಗೆ ಒರಗಿಸಿಟ್ಟ ಒಂದನ್ನು ತೋರಿಸಿ. "ಅವಳಿಗೆ ಮೆಸೇಜ್ ಹಾಕಿದೀನಿ. ಓದಿದ್ದಾಳೆ. ಉತ್ತರ ಇಲ್ಲ." ನನ್ನದನ್ನು ಒರೆಸಿ ಕೈಗೆ ಕೊಟ್ಟರು. "ಬೀಸು. ಮೆಲ್ಲಗೆ ಲಾ."

ಮೆಲ್ಲಗೆ ಅಂದರೆ ಎಷ್ಟು ಅಂತ ನನ್ನ ಕೈಗೆ ಗೊತ್ತಿರಲಿಲ್ಲ. ಭಾರದ್ದನ್ನು ಎತ್ತಿ ಎತ್ತಿ ರೂಢಿಯಾದ ಭುಜ ಎಂದಿನ ಹಾಗೆಯೇ ಎತ್ತಿತು. ಕತ್ತಿ ಹಕ್ಕಿಯ ಹಾಗೆ ಮೇಲಕ್ಕೆ ಹೋಗಿ ಟ್ಯೂಬ್‌ಲೈಟಿಗೆ ಬಡಿಯಿತು. ಗಾಜು ಸುರಿಯಿತು, ಎಲ್ಲರೂ ಬಗ್ಗಿದರು, ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವರು ಬಾಗಿಲಿಗೆ ಓಡಿಬಂದರು. ನಾನು ಕತ್ತಿ ಹಿಡಿದು ಅರ್ಧ ಕತ್ತಲಲ್ಲಿ ನಿಂತೇ ಇದ್ದೆ. ಮೊಣಕೈ ನೋಯಲಿಲ್ಲ. ಇಷ್ಟು ಹಗುರಾನಾ ಇದು?